ಮಾರಮ್ಮನ ಮೂರು ಸುತ್ತು

ದಾಕ್ಷಾಯಿಣಿಗೆ ಬಾಲ್ಯವೆಂದರೆ ಮೊದಲು ನೆನಪಾಗುವುದು ಒಂದು ವಾಸನೆ. ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ ಅವಳ ಅಪ್ಪ ಹಾಲಪ್ಪನ ಟಯರ್ ರೀಟ್ರೆಡಿಂಗ್ ಅಂಗಡಿಯಿತ್ತು. ಸವೆದು ಬೋಳಾದ ಲಾರಿ ಟಯರಿಗೆ ಹೊಸ ರಬ್ಬರಿನ ಪಟ್ಟಿ ಸುತ್ತಿ, ಕಬ್ಬಿಣದ ಅಚ್ಚಿನೊಳಗಿಟ್ಟು ಬೇಯಿಸುತ್ತಿದ್ದರು. ಅಚ್ಚು ಬಿಚ್ಚಿದಾಗ ಬುಸ್ಸೆಂದು ಹಬೆ ಏಳುತ್ತಿತ್ತು. ಬೆಂದ ರಬ್ಬರು, ಗಂಧಕ, ಅಪ್ಪನ ಅಂಗಿಯ ಬೆವರು ಮೂರೂ ಕಲೆತ ಆ ವಾಸನೆಗೆ ದಾರಿಹೋಕರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಶಾಲೆಯಿಂದ ಬಂದ ಹುಡುಗಿ ಮಾತ್ರ ಚೀಲವನ್ನೂ ಇಳಿಸದೆ ಅಲ್ಲೇ ನಿಂತು ಉಸಿರೆಳೆದುಕೊಳ್ಳುತ್ತಿದ್ದಳು. "ಸರಿಯವ್ವ ಆಕಡೆ, ಮುಖ ಸುಟ್ಕಂತೀಯ" ಎಂದು ಅಪ್ಪ ಗದರುತ್ತಿದ್ದ. ಗದರುತ್ತಲೇ, ಮಸಿ ಹತ್ತಿದ ಕೈಯನ್ನು ಲುಂಗಿಗೆ ಚೆನ್ನಾಗಿ ಒರೆಸಿಕೊಂಡು, ಮುಂದೆ ಬಿದ್ದ ಅವಳ ಜಡೆಯನ್ನು ಬೆನ್ನಿಗೆ ಸರಿಸುತ್ತಿದ್ದ.

ಆ ವಾಸನೆಯ ಬೆನ್ನು ಹತ್ತಿಯೇ ಅವಳು ರಸಾಯನಶಾಸ್ತ್ರ ಓದಿದಳು, ರಬ್ಬರಿನ ಮೇಲೆ ಸಂಶೋಧನೆ ಮಾಡಿದಳು, ಕೊನೆಗೆ ಚಳ್ಳಕೆರೆಯಾಚೆ ಮಾರಮ್ಮನ ಕಾವಲಿನ ಟಯರ್ ಪರೀಕ್ಷಾ ಕೇಂದ್ರಕ್ಕೆ ಬಂದು ಸೇರಿದಳು. ಈಗ ಅವಳಿಗೆ ಐವತ್ತೇಳು. ಮದುವೆಯೆಂಬುದು ಆಗಲಿಲ್ಲ. ಆಗಲಿಲ್ಲವೆಂಬ ಕೊರಗೂ ಬಹಳ ಕಾಲ ಇರಲಿಲ್ಲ. ಮೊದಲು ಕೇಂದ್ರದಲ್ಲಿ ಜನ ತುಂಬಿದ್ದರು. ಕಾರು ಓಡಿಸುವವರು, ಅಳೆಯುವವರು, ಅಡಿಗೆಯವರು, ಸಂಜೆ ವಾಲಿಬಾಲ್ ಆಡಿ ಜಗಳವಾಡುವವರು. ಯಂತ್ರಗಳು ಬಂದಂತೆ ಒಬ್ಬೊಬ್ಬರಾಗಿ ಹೋದರು. ಈಗ ಉಳಿದವರು ಇಬ್ಬರು. ಗೋಪುರದ ಮೇಲಿನ ಕಂಟ್ರೋಲ್ ರೂಮಿನಲ್ಲಿ ದಾಕ್ಷಾಯಿಣಿ, ಟ್ರ್ಯಾಕಿನ ಆಚೆ ತುದಿಯಲ್ಲಿ ಗಾಡಿಗಳನ್ನು ಸಜ್ಜುಮಾಡುವ ಪಿಟ್ಟಿನಲ್ಲಿ ಓಬಳೇಶ. ನಡುವೆ ಹುಲ್ಲುಗಾವಲು, ಗಾಳಿ, ಗಾಳಿಯಂತ್ರಗಳ ನೆರಳು, ಆಗೀಗ ನೆಗೆದು ಹೋಗುವ ಕೃಷ್ಣಮೃಗ.

ಇಬ್ಬರೂ ಮಾತಾಡುತ್ತಿದ್ದುದು ವೈರ್‌ಲೆಸ್ಸಿನಲ್ಲಿ.

"ಪಿಟ್ಟು ರೆಡಿ ಮೇಡಮ್ಮಾರೆ. ಗಾಳಿ ಜೋರೈತೆ. ನಿಮ್ ಗೋಪುರ ಹಾರಿ ಬಂದ್ರೆ ಒಂದ್ಮಾತು ಕೂಗ್ರಿ, ಹಿಡ್ಕಂತೀನಿ."

"ಹಿಡಿಯೋದಕ್ಕೆ ಮೊದಲು ಟೋಪಿ ಹಿಡ್ಕೊಳಿ ಓಬಳೇಶ್. ನಿನ್ನೆ ಅದರ ಹಿಂದೆ ಓಡಿದ್ದನ್ನ ಕ್ಯಾಮೆರಾದಲ್ಲಿ ನೋಡಿದೆ."

ದಿನಕ್ಕೆ ಇಂಥ ನಾಲ್ಕು ಮಾತು. ಸಂಜೆ "ಬರ್ತೀನ್ರಿ" ಎಂದು ಅವನು ವೈರ್‌ಲೆಸ್ ಆರಿಸಿದರೆ, ಮರುದಿನ ಬೆಳಗಿನವರೆಗೆ ಅವಳ ಕಿವಿಗೆ ಮನುಷ್ಯರ ದನಿಯಿಲ್ಲ. ಕ್ವಾರ್ಟರ್ಸಿಗೆ ಹೋಗಿ ಒಂದು ಹಿಡಿ ಅಕ್ಕಿ ಇಟ್ಟು, ಕುಕ್ಕರ್ ಕೂಗಿದಾಗ "ಬಂದೆ ಬಂದೆ" ಎಂದು ಅದಕ್ಕೇ ಉತ್ತರ ಕೊಡುತ್ತಿದ್ದಳು.

ಅಷ್ಟು ಹೊತ್ತಿಗೆ ರಾಜ್ಯದ ರಸ್ತೆಗಳಲ್ಲಿ ಗಾಡಿಗಳು ತಮ್ಮಷ್ಟಕ್ಕೆ ತಾವೇ ಓಡುವ ಕಾಲ ಬಂದಿತ್ತು. ಸರ್ಕಾರ ಆಂಬ್ಯುಲೆನ್ಸುಗಳಿಗೆಂದೇ ಹೆದ್ದಾರಿಯ ಒಂದು ಸಾಲನ್ನು ಬಿಡಿಸಿ ಅದಕ್ಕೆ ಜೀವಪಥವೆಂದು ಹೆಸರಿಟ್ಟಿತ್ತು. ಅದರ ಮೇಲೆ ಆಂಬ್ಯುಲೆನ್ಸು ರೇಸಿನ ಕಾರಿನ ಹಾಗೆ ಹೋಗಬೇಕು. ತಿರುವಿನಲ್ಲೂ ವೇಗ ತಗ್ಗಿಸಬಾರದು. ಆದರೆ ರೇಸಿನ ಟಯರು ಊರೂರಿನ ಅಂಗಡಿಯಲ್ಲಿ ಸಿಗುವುದಿಲ್ಲ, ಸಿಕ್ಕರೂ ಎರಡು ದಿನ ಬಾಳುವುದಿಲ್ಲ. ಹಾಗಾಗಿ ಜೀವಪಥಕ್ಕೂ ನಮ್ಮ ನಿಮ್ಮ ಕಾರಿಗೆ ಹಾಕುವ ಮಾಮೂಲಿ ಟಯರೇ.

ಮಾಮೂಲಿ ಟಯರನ್ನು ಹಾಗೆ ಓಡಿಸಿದರೆ ಅದು ಸವೆಯುವುದಕ್ಕೆ ಮೊದಲೇ ಸೋಲುತ್ತದೆ. ಬಿಸಿಯಾದ ರಬ್ಬರು ಮೆತ್ತಗಾಗಿ ರಸ್ತೆಯ ಸಣ್ಣ ಸಣ್ಣ ಹರಳುಗಳ ಸಂದಿಗೆ ಇಳಿದು ಕಚ್ಚಿಕೊಳ್ಳುತ್ತದೆ, ಹಿಡಿತವೆಂದರೆ ಅದೇ. ಅತಿಯಾಗಿ ಕಾದು ಆರಿದಾಗಲೆಲ್ಲ ರಬ್ಬರು ಒಂದಿಷ್ಟು ಗಡಸಾಗುತ್ತದೆ. ಕೊನೆಗೊಂದು ದಿನ, ಮೈಮೇಲಿನ ಗೀರೆಲ್ಲ ಹೊಸದರ ಹಾಗೇ ಇರುತ್ತದೆ, ರಸ್ತೆಯನ್ನು ಮಾತ್ರ ಕಚ್ಚುವುದಿಲ್ಲ. ಇದನ್ನು ನೇರವಾಗಿ ಅಳೆಯುವ ಯಂತ್ರವೂ ಬಂದಿತ್ತು. ಜಾರಿದ ಮೇಲೆ ಮಾತ್ರ ಅದಕ್ಕೆ ಗೊತ್ತಾಗುತ್ತಿತ್ತು.

ಅದಕ್ಕೇ ಹಿಡಿತದ ಗಡಿಯಾರ. ಟಯರಿನೊಳಗೆ ಹುದುಗಿಸಿದ, ಉಗುರಿನಷ್ಟು ದೊಡ್ಡ ಬಿಲ್ಲೆ. ಟಯರು ಪೂರ್ತಿ ಕಾಯುವಷ್ಟು ಜೋರಾಗಿ ಒಮ್ಮೆ ಓಡಿದರೆ ಅದು ಒಂದು ಓಟವನ್ನು ಕಳೆಯುತ್ತದೆ. ಎಷ್ಟು ಓಟ ಬಾಕಿಯಿದೆಯೆಂದು ನೋಡಿ ಆಂಬ್ಯುಲೆನ್ಸಿನ ಮಿದುಳು ತಿರುವಿನ ವೇಗವನ್ನು ತೀರ್ಮಾನಿಸುತ್ತದೆ. ಗಡಿಯಾರಕ್ಕೆ ಸ್ವಂತ ಬುದ್ಧಿಯಿಲ್ಲ. ಎಷ್ಟರಿಂದ ಎಣಿಸಲು ಶುರುಮಾಡಬೇಕೆಂದು ಹೇಳುವುದು ಮಾರಮ್ಮನ ಕಾವಲಿನ ಕೇಂದ್ರ. ಈಚೆಗೆ ಬಂದ ಹೊಸ ಬಗೆಯ ರಬ್ಬರಿನ ಟಯರಿಗೆ ದಾಕ್ಷಾಯಿಣಿ ಕೊಟ್ಟಿದ್ದ ಸಂಖ್ಯೆ ಮೂವತ್ತು.

ಒಂದು ಗುರುವಾರ ಬೆಂಗಳೂರಿನ ಕಚೇರಿಯಿಂದ ಪ್ರದ್ಯುಮ್ನ ಪರದೆಯ ಮೇಲೆ ಕಾಣಿಸಿಕೊಂಡ. ಅವಳಿಗಿಂತ ಚಿಕ್ಕವನು, ಅವಳ ಮೇಲಧಿಕಾರಿ. ಒಳ್ಳೆಯ ಸುದ್ದಿಯಿದ್ದರೆ ನಿಂತು ಮಾತಾಡುವವನು, ಇವತ್ತು ಕೂತಿದ್ದ.

"ಮೇಡಂ, ಕೂತಿದ್ದೀರಾ?"

"ಕೂರೋದು ಬಿಟ್ಟರೆ ಇಲ್ಲಿ ಇನ್ನೇನಿದೆ? ಹೇಳಿ."

"ಜೀವಪಥದ ಟ್ರಯಲ್‌ನಲ್ಲಿ ಒಂದು ಗಾಡಿ ಜಾರಿತು. ಪೇಷೆಂಟ್ ಇರಲಿಲ್ಲ, ಪುಣ್ಯ. ಒಳಗಿದ್ದ ನರ್ಸ್ ಫಿಲೋಮಿನಾ ಅಂತ, ಭುಜದ ಮೂಳೆ ಮುರಿದಿದೆ." ಅವನು ಕನ್ನಡಕ ತೆಗೆದು ಒರೆಸಿದ. "ಗಡಿಯಾರ ಇನ್ನೂ ಇಪ್ಪತ್ತು ಓಟ ಬಾಕಿ ಅಂತ ತೋರಿಸ್ತಿತ್ತು."

ದಾಕ್ಷಾಯಿಣಿ ಹಳೆಯ ಪರೀಕ್ಷೆಯ ಲೆಕ್ಕವನ್ನು ಇನ್ನೊಂದು ಪರದೆಯಲ್ಲಿ ತೆರೆದಳು.

"ಇನ್ನೊಂದು ಸಲ ಟೆಸ್ಟ್ ಮಾಡಿ. ಮುಂದಿನ ತಿಂಗಳು ಎಲ್ಲ ಜಿಲ್ಲೆಗೂ ಜೀವಪಥ ತೆರೀತಾರೆ. ನಿಮ್ಮ ಸಂಖ್ಯೆ ನಿಂತರೆ ಕೇಂದ್ರ ಉಳಿಯುತ್ತೆ, ಗಾಡಿಯಲ್ಲೇ ಏನೋ ದೋಷ ಅಂತ ಆಗುತ್ತೆ. ನಿಲ್ಲದಿದ್ದರೆ ಕಂಪ್ಯೂಟರಿನೊಳಗಿನ ಟ್ರ್ಯಾಕೇ ಸಾಕು ಅನ್ನೋರು ಇಲ್ಲಿ ತುಂಬಾ ಜನ ಇದ್ದಾರೆ. ನಾನು ನಿಮ್ಮ ಪರವಾಗಿ ಮಾತಾಡಿದೀನಿ ಮೇಡಂ."

ಮಾತಾಡಿರುತ್ತಾನೆ ಎಂದು ಅವಳಿಗೆ ನಂಬಿಕೆಯಿತ್ತು. ಒಮ್ಮೆ ಅವಳಿಗೆ ಜ್ವರ ಬಂದಾಗ ಡ್ರೋನಿನಲ್ಲಿ ಮಾತ್ರೆ ಕಳಿಸಿ, ಅದು ತಲುಪಿತೇ ಎಂದು ಎರಡೆರಡು ಸಲ ಕೇಳಿದವನು ಅವನು.

ಅವಳು ಸಿದ್ಧವಾಗಿದ್ದ ಗಾಡಿಯ ಮೇಲೆ ಪರೀಕ್ಷೆ ಮಾಡಿದಳು. ಗಾಡಿ ತನ್ನಷ್ಟಕ್ಕೆ ಓಡಿತು, ನಿಂತಿತು, ಆರಿತು, ಮತ್ತೆ ಓಡಿತು. ಯಂತ್ರ ಇರುಳೂ ಓಡಬಲ್ಲದು. ಶನಿವಾರ ಸಂಜೆಗೆ ಲೆಕ್ಕ ಮುಗಿಯಿತು. ಮೂವತ್ತೊಂದನೆಯ ಓಟದಲ್ಲಿ ಹಿಡಿತ ಕುಸಿಯಿತು. ಸಂಖ್ಯೆ ಸರಿಯಾಗಿಯೇ ಇತ್ತು. ಅವಳಿಗೆ ಸಮಾಧಾನವಾಗಬೇಕಿತ್ತು. ಕಣ್ಣು ಮುಚ್ಚಿದರೆ ಯಾವುದೋ ನರ್ಸು ಎಡಗೈಯಲ್ಲಿ ತಲೆ ಬಾಚಿಕೊಳ್ಳಲು ಹೆಣಗುವುದು ಕಾಣುತ್ತಿತ್ತು.

ಭಾನುವಾರ ಓಬಳೇಶನಿಗೆ ರಜೆ. ದಾಕ್ಷಾಯಿಣಿ ಕೊಡೆ ಹಿಡಿದು ಟ್ರ್ಯಾಕಿನ ಅಂಚಿನಲ್ಲೇ ನಡೆದು ಪಿಟ್ಟಿಗೆ ಹೋದಳು. ಅವಳು ಅಲ್ಲಿಗೆ ಹೋಗಿ ವರ್ಷಗಳೇ ಆಗಿದ್ದವು. ಎಲ್ಲವನ್ನೂ ಕ್ಯಾಮೆರಾ ತೋರಿಸುತ್ತಿತ್ತು, ಅದೂ ಪರೀಕ್ಷೆ ಶುರುವಾದ ಮೇಲೆ. ಶೆಡ್ಡಿನಲ್ಲಿ ಮುಂದಿನ ಪರೀಕ್ಷೆಯ ಗಾಡಿ ನಿಂತಿತ್ತು. ಮೂತಿಗೆ ಚೆಂಡುಹೂವಿನ ಹಾರ, ಕುಂಕುಮ, ಚಕ್ರದ ಬುಡದಲ್ಲಿ ಅಪ್ಪಚ್ಚಿಯಾದ ನಿಂಬೆಹಣ್ಣು. ಅವಳಿಗೆ ನಗು ಬಂತು. ಹೊಸ ಟಯರು ಬಂದಾಗಲೆಲ್ಲ ಓಬಳೇಶ ಪೂಜೆ ಮಾಡುವುದು ಅವಳಿಗೆ ಗೊತ್ತಿದ್ದದ್ದೇ. ಶುಕ್ರವಾರ ಮಧ್ಯಾಹ್ನ ಅವಳು ಚಳ್ಳಕೆರೆಗೆ ತರಕಾರಿಗೆ ಹೋಗಿ ಬರುವಷ್ಟರಲ್ಲಿ ಗೋಪುರದ ಕೆಳಗಿನ ಮೆಟ್ಟಿಲ ಮೇಲೆ, ಇರುವೆ ಮುತ್ತದ ಹಾಗೆ ನೀರಿನ ಬಟ್ಟಲಿನ ನಡುವೆ, ಅರ್ಧ ತೆಂಗಿನಕಾಯಿ ಇರುತ್ತಿತ್ತು.

ಅವಳು ಗಡಸುತನ ಅಳೆಯುವ ಮಾಪಕವನ್ನು ಗಾಡಿಯ ಟಯರಿಗೆ ಒತ್ತಿದಳು. ಆಮೇಲೆ ಗೋಡೆಗೆ ಒರಗಿಸಿದ್ದ ಬಿಡಿ ಟಯರಿಗೆ ಒತ್ತಿದಳು. ಮುಳ್ಳು ನಿಂತ ಜಾಗ ಬೇರೆ. ಒಂದೇ ಲಾರಿಯಲ್ಲಿ ಬಂದ, ಇನ್ನೂ ಪರೀಕ್ಷೆಯನ್ನೇ ಕಾಣದ ಎರಡು ಹೊಸ ಟಯರು. ಮಾಪಕ ಓರೆಯಾಗಿರಬೇಕೆಂದು ಮತ್ತೆ ಒತ್ತಿದಳು. ಆಗ ಕಣ್ಣಿಗೆ ಬಿದ್ದದ್ದು ಇನ್ನೊಂದು. ಹೊಸ ಟಯರಿನ ಮೈಮೇಲೆ ಎಳೆಮಗುವಿನ ಕೂದಲಿನಂಥ ಸಣ್ಣ ರಬ್ಬರಿನ ಎಳೆಗಳಿರುತ್ತವೆ. ಗೋಡೆಯ ಬಳಿಯ ಟಯರಿಗೆ ಅವು ತುಂಬ ಇದ್ದವು. ಗಾಡಿಯ ಟಯರು, ನೆಲಕ್ಕೆ ತಾಗುವ ಭಾಗದಲ್ಲಿ, ನುಣ್ಣಗಿತ್ತು.

ನಿಂಬೆಹಣ್ಣಿನ ಮೇಲೆ ಹತ್ತಿಳಿದರೆ ಆ ಕೂದಲು ಉದುರುವುದಿಲ್ಲ. ಅವಳು ಕೊಡೆ ಬಿಡಿಸಿ ಕಾವಲಿನ ಆಚೆಯ ಹಟ್ಟಿಯ ಕಡೆ ನಡೆದಳು.

ಓಬಳೇಶ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ. ಅವಳನ್ನು ಕಂಡು ಎದ್ದ ರಭಸಕ್ಕೆ ಮೊರ ಮಗುಚಿತು.

"ಅಯ್ಯೋ ಮೇಡಮ್ಮಾರೆ! ನಡ್ಕಂಡು ಬಂದ್ರಾ? ಗೋಪುರ ಏನಾರ ಬಿದ್ದೋತಾ?"

"ಗೋಪುರ ಇದೆ. ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು."

ಒಳಗಿನಿಂದ ಅವನ ಹೆಂಡತಿ ಪಾಲಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. "ಕುಂತ್ಕಳ್ರಿ. ಈ ಹೊತ್ತಿನಾಗೆ ಬಿಸಿಲಲ್ಲಿ ಬರದಾ? ಇವ್ರಿಗೆ ಆ ಡಬ್ಬದಾಗೆ ಕೂಗಿದ್ರೆ ಓಡಿ ಬರ್ತಿದ್ರು. ನಾನು ಕೂಗಿದ್ರೆ ಮಾತ್ರ ಕಿವಿ ಕೇಳ್ಸದಿಲ್ಲ."

ದಾಕ್ಷಾಯಿಣಿ ಕಟ್ಟೆಯ ಮೇಲೆ ಕೂತಳು. "ಓಬಳೇಶ್, ಟಯರ್ ಬಂದಾಗ ಪೂಜೆ ಮಾಡ್ತೀರಲ್ಲ, ಹೇಗೆ ಮಾಡ್ತೀರ?"

"ಹೆಂಗೆ ಅಂದ್ರೆ? ಟಯರು ಹಾಕಿ, ಗಾಡಿ ತೊಳೆದು, ಹೂವ ಏರ್ಸಿ, ಕಾಯಿ ಒಡೀತೀನಿ. ನಿಂಬೆಹಣ್ಣು ತುಳಿಸ್ತೀನಿ. ಆಮೇಲೆ ಅವ್ವಂಗೆ ಮೂರು ಸುತ್ತು."

"ಯಾವ ಅವ್ವ?"

"ಮಾರಮ್ಮ ಕಣ್ರಿ. ಇನ್ಯಾವ ಅವ್ವ?"

ಟ್ರ್ಯಾಕಿನ ನಡುವಿನ ಹುಲ್ಲಿನಲ್ಲಿ ಆಳೆತ್ತರದ ಕಲ್ಲಿನ ಗುಡಿಯೊಂದಿತ್ತು. ಟ್ರ್ಯಾಕು ಕಟ್ಟುವಾಗ ಹಟ್ಟಿಯವರು ಅದನ್ನು ಅಲ್ಲಾಡಿಸಲು ಬಿಡದ್ದರಿಂದ ಡಾಂಬರು ಅದನ್ನು ಸುತ್ತಿ ಹೋಗಿತ್ತು. ದಾಕ್ಷಾಯಿಣಿಗೆ ತಟ್ಟನೆ ಹೊಳೆಯಿತು. ಆ ಗುಡಿಗೆ ಪ್ರದಕ್ಷಿಣೆ ಹಾಕುವುದೆಂದರೆ ಟ್ರ್ಯಾಕಿಗೇ ಒಂದು ಸುತ್ತು.

"ಗಾಡಿಯಲ್ಲಿ ಸುತ್ತು ಹಾಕ್ತೀರ? ನೀವೇ ಓಡಿಸ್ಕೊಂಡು?"

ಓಬಳೇಶ ನೆಲ ನೋಡಿದ. ಮನುಷ್ಯರು ಓಡಿಸಬಾರದೆಂಬ ನಿಯಮ ಬಂದು ಎಷ್ಟೋ ಕಾಲವಾಗಿತ್ತು. ಅದಕ್ಕೆ ಮೊದಲು ಅವನು ಕೇಂದ್ರದ ಎಲ್ಲರಿಗಿಂತ ಚೆನ್ನಾಗಿ ಓಡಿಸುತ್ತಿದ್ದವನು.

"ಎಷ್ಟು ಜೋರಾಗಿ?"

"ಅದು... ಫುಲ್ಲೇ. ಅವ್ವಂಗೆ ಕುಂಟ್ಕಂಡು ಸೇವೆ ಮಾಡಕಾಗುತ್ತಾ?"

"ನೀರಿನ ಕೊಡ ಎತ್ರಿ ಅಂದ್ರೆ ಸೊಂಟ ನೋವು," ಎಂದಳು ಪಾಲಮ್ಮ. "ಅಲ್ಲಿ ನೋಡಿದ್ರೆ ಅವ್ವನ ಹೆಸ್ರು ಹೇಳ್ಕಂಡು ರೇಸು."

"ಸುಮ್ಕಿರೇ. ಮೇಡಮ್ಮಾರೆ, ಸ್ಟೇರಿಂಗು ಮುಟ್ಟದೇ ಇದ್ರೆ ಕೈ ಏನೋ ಖಾಲಿ ಖಾಲಿ ಅನ್ಸುತ್ತೆ. ಹೊಸ ಟಯರು ಬಂದ ದಿನ ಮಾತ್ರ. ಮೂರೇ ಸುತ್ತು."

ಅವನ ದನಿಯಲ್ಲಿದ್ದದ್ದು ದಾಕ್ಷಾಯಿಣಿಗೆ ಚೆನ್ನಾಗಿ ಪರಿಚಯವಿದ್ದ ಸಂಗತಿ. ಕುಕ್ಕರಿಗೆ ಉತ್ತರ ಕೊಡುವವರಿಗೆ ಅದು ತಿಳಿಯುತ್ತದೆ. ಆದರೂ ಕೇಳಲೇಬೇಕಿತ್ತು.

"ಸುತ್ತು ಮುಗಿದ ಮೇಲೆ?"

"ಮಾರನೇ ದಿನದವರೆಗೆ ಗಾಡಿ ಅಲ್ಲಾಡ್ಸಲ್ಲ. ಪೂಜೆ ಆದ್ ಗಾಡಿ ಅಲ್ವಾ?"

ಅವಳು ಕಣ್ಣು ಮುಚ್ಚಿದಳು. ಇನ್ನೂ ಓಡದ ರಬ್ಬರಿನೊಳಗೆ, ಕಣ್ಣಿಗೆ ಕಾಣದ ಎಳೆಗೂ ಎಳೆಗೂ ನಡುವೆ ಗಂಧಕದ ಪುಟ್ಟ ಕೊಂಡಿಗಳಿರುತ್ತವೆ. ಮೊದಲ ಸಲ ಚೆನ್ನಾಗಿ ಕಾದಾಗ ಬಡಕಲು ಕೊಂಡಿಗಳೆಲ್ಲ ಕಳಚಿಕೊಳ್ಳುತ್ತವೆ. ಆಗ ಒಂದು ದಿನ ಸುಮ್ಮನೆ ಬಿಟ್ಟರೆ ಅವು ನಿಧಾನವಾಗಿ, ಸಮನಾಗಿ ಮತ್ತೆ ಕೂಡಿಕೊಂಡು ಮೊದಲಿಗಿಂತ ಗಟ್ಟಿಯಾಗುತ್ತವೆ. ಆ ಒಂದು ದಿನ ಬಿಡದೆ ಮತ್ತೆ ಕಾಯಿಸಿದರೆ ಹೇಗೆಂದರೆ ಹಾಗೆ ಅಂಟಿಕೊಂಡು ರಬ್ಬರು ಬೇಗ ಗಡಸಾಗುತ್ತದೆ. ಹಳೆಯ ಬಗೆಯ ರಬ್ಬರಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳದಷ್ಟು ಕಡಿಮೆ. ಈ ಹೊಸ ಬಗೆಯ ರಬ್ಬರಿನಲ್ಲಿ ಅದೇ ಎಲ್ಲವೂ ಆಗಿದ್ದರೆ?

ಕೇಂದ್ರದಲ್ಲಿ ಪರೀಕ್ಷೆಯಾದ ಪ್ರತಿಯೊಂದು ಟಯರೂ ಮೂರು ಸುತ್ತು ಕಾದು, ಒಂದು ದಿನ ವಿಶ್ರಾಂತಿ ಪಡೆದದ್ದು. ಅವಳ ಯಂತ್ರಗಳು ಎಣಿಸಲು ಶುರುಮಾಡುತ್ತಿದ್ದುದು ಅದಾದ ಮೇಲೆ. ಪೂಜೆ ಎಂದರೆ ಅವಳ ಮನಸ್ಸಿನಲ್ಲಿ ತೆಂಗಿನಕಾಯಿ. ಅವನ ಮನಸ್ಸಿನಲ್ಲಿ ಪ್ರದಕ್ಷಿಣೆ. ಅವಳು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಊರಿನ ಆಂಬ್ಯುಲೆನ್ಸಿಗೆ ಟಯರು ಹಾಕಿದ ಗಳಿಗೆಯೇ ಕರೆ ಬರುತ್ತದೆ, ಓಡುತ್ತದೆ, ಬರುವಷ್ಟರಲ್ಲಿ ಇನ್ನೊಂದು ಕರೆ.

ಅವಳು ಇದನ್ನೆಲ್ಲ ಬಿಡಿಸಿ ಹೇಳಿದಾಗ ಓಬಳೇಶ ಶೇಂಗಾ ಸಿಪ್ಪೆಯನ್ನು ಕೈಯಲ್ಲಿ ಹಿಡಿದೇ ಕೇಳಿದ. ಮುಖ ಮೆಲ್ಲಗೆ ಅರಳಿತು.

"ಅಂದ್ರೆ ಪೂಜೆ ಫಲ ಕೊಟ್ಟೈತೆ ಅನ್ರಿ! ಕೇಳಿದೇನೇ? ಸೈನ್ಸ್‌ನೋರೇ ಹೇಳ್ತಾವ್ರೆ."

"ಕೊಟ್ಟಿದೆ. ನಮ್ಮ ಟಯರಿಗೆ ಮಾತ್ರ." ಎಂದಳು ದಾಕ್ಷಾಯಿಣಿ. "ಪೂಜೆಯಿಲ್ಲದ ಟಯರ್ ಎಷ್ಟು ಓಡುತ್ತೆ ಅಂತ ನೋಡಬೇಕು ಓಬಳೇಶ್. ನಾಳೆ, ಲಾರಿಯಿಂದ ಇಳಿಸಿದ ಹಾಗೇ ಹಾಕಿ, ನೇರ ಟೆಸ್ಟು."

ಅರಳಿದ ಮುಖ ಹಾಗೇ ನಿಂತಿತು. ಮಾತಾಡಿದವಳು ಪಾಲಮ್ಮ.

"ಆ ಲೆಕ್ಕ ತಪ್ಪು ಅಂತ ಬಂದ್ರೆ? ಇವ್ರ ಕೆಲ್ಸ ಹೋಗುತ್ತಾ?"

"ಗೊತ್ತಿಲ್ಲ ಪಾಲಮ್ಮ. ಕೇಂದ್ರನೇ ಹೋಗಬಹುದು."

"ನಿಮ್ಗೇನ್ರಿ," ಎಂದಳು ಪಾಲಮ್ಮ. "ಒಂಟಿ ಜೀವ. ಎಲ್ಲೋದ್ರೂ ನಡೀತೈತೆ." ಮೊರವನ್ನು ಎತ್ತಿಕೊಂಡು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ವಾಪಸು ಬರುವ ದಾರಿಯಲ್ಲಿ ಟಿಟ್ಟಿಭ ಹಕ್ಕಿಯೊಂದು ತನ್ನ ಮೊಟ್ಟೆಯಿದ್ದ ಕಡೆ ಇವಳು ಬಂದಳೆಂದು ತಲೆಯ ಮೇಲೆ ಕೂಗುತ್ತ ಹಾರಾಡಿತು. ದಾಕ್ಷಾಯಿಣಿ ಬಳಸಿಕೊಂಡು ನಡೆದಳು. ಸುಮ್ಮನಿರುವ ದಾರಿಯೂ ಒಂದಿದೆ ಎಂಬುದು ಅವಳಿಗೆ ತೋಚದೆ ಇರಲಿಲ್ಲ. ಮೂವತ್ತು ಸುಳ್ಳಲ್ಲ, ಮರುಪರೀಕ್ಷೆಯಲ್ಲೂ ಬಂದಿದೆ. ಅದನ್ನೇ ಕಳಿಸಿ, ಇನ್ನು ಮೇಲೆ ಟಯರುಗಳನ್ನು ಕಾರ್ಖಾನೆಯಲ್ಲೇ ಕಾಯಿಸಿ ಆರಿಸಿ ಕಳಿಸಿರೆಂದು ಬೇರೆ ಏನೋ ನೆಪದಲ್ಲಿ ಒಂದು ಮಾತು ಸೇರಿಸಬಹುದು. ಕೇಂದ್ರ ಉಳಿಯುತ್ತದೆ. ಬೆಳಿಗ್ಗೆ "ಪಿಟ್ಟು ರೆಡಿ ಮೇಡಮ್ಮಾರೆ" ಎನ್ನುವ ಆ ಒಂದು ದನಿ ಉಳಿಯುತ್ತದೆ. ಆದರೆ ಟಯರುಗಳು ಆಗಲೇ ಊರೂರಿಗೆ ಹೋಗಿ ಗಾಡಿಗಳ ಕೆಳಗೆ ಕೂತಿದ್ದವು. ಎಲ್ಲಕ್ಕೂ ಮೂವತ್ತೆಂದು ಹೇಳಿ ಕಳಿಸಿದ್ದು ಅವಳೇ.

ಎಲ್ಲೋದ್ರೂ ನಡೀತೈತೆ. ಆ ಮಾತು ಕ್ವಾರ್ಟರ್ಸಿನವರೆಗೂ ಅವಳ ಜೊತೆಗೆ ಬಂತು. ಇಲ್ಲಿಂದ ಹೋದರೆ ಎಲ್ಲಿಗೆ ಹೋಗುವುದೆಂದು ಯೋಚಿಸಿದರೆ ಒಂದು ಊರೂ ನೆನಪಾಗಲಿಲ್ಲ.

ಸೋಮವಾರ ಬೆಳಿಗ್ಗೆ ವೈರ್‌ಲೆಸ್ಸು ಸುಮ್ಮನಿತ್ತು. ಅವಳೇ ಕರೆದಳು.

"ಓಬಳೇಶ್?"

"ಟಯರು ಹಾಕೀನಿ. ಮೇಡಮ್ಮಾರೆ, ಇಷ್ಟು ವರ್ಷದಾಗೆ ಒಂದು ಗಾಡೀನೂ ಹಂಗೇ ಬಿಟ್ಟಿಲ್ಲ. ಅವ್ವಂಗೆ ಏನಂತ ಹೇಳ್ಲಿ?"

ಅವಳು ಕಿಟಕಿಯಿಂದ ಗುಡಿಯ ಕಡೆ ನೋಡಿದಳು. "ನೀವು ಹೇಳಬೇಡಿ. ನಾನು ಹೇಳ್ತೀನಿ. ಹತ್ತು ನಿಮಿಷ ತಡೀರಿ."

ಗೋಪುರ ಇಳಿದು, ಡಾಂಬರು ದಾಟಿ, ಮೊಣಕಾಲೆತ್ತರದ ಹುಲ್ಲಿನಲ್ಲಿ ಗುಡಿಯವರೆಗೆ ಹೋದಳು. ದಿನವೂ ಮೇಲಿನಿಂದ ನೋಡುತ್ತಿದ್ದರೂ ಹತ್ತಿರ ಬಂದದ್ದು ಅದೇ ಮೊದಲು. ಒಳಗೆ ಅರಿಶಿನ ಬಳಿದ ಒಂದು ಕಲ್ಲು, ಎರಡು ಬೆಳ್ಳಿಯ ಕಣ್ಣು. ದೇವರೊಡನೆ ಮಾತಾಡುವ ಅಭ್ಯಾಸ ಅವಳಿಗೆ ತಪ್ಪಿಹೋಗಿತ್ತು. ಚಪ್ಪಲಿ ಬಿಟ್ಟು ನಿಂತು, ಪಿಟ್ಟಿನಿಂದ ಅವನು ನೋಡುತ್ತಿರುತ್ತಾನೆಂದು ತಿಳಿದು, ಕೈ ಜೋಡಿಸಿ ಗಟ್ಟಿಯಾಗಿಯೇ ಹೇಳಿದಳು. "ಇದು ಅವನ ತಪ್ಪಲ್ಲ ತಾಯಿ. ನಾನೇ ಬೇಡ ಅಂದದ್ದು."

ಪರೀಕ್ಷೆ ಶುರುವಾಯಿತು. ಮೊದಲ ಓಟಗಳಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಪರದೆಯ ಮೇಲಿನ ಹಸಿರು ಗೆರೆ ನೆಟ್ಟಗೆ ಹೋಗುತ್ತಿತ್ತು. ನಾಲ್ಕು ಮುಗಿಯಿತು, ಐದು. ತಾನು ತಪ್ಪಾಗಿ ತಿಳಿದಿರಬಹುದು, ಕೊಂಡಿಗಳ ಕಥೆಯೆಲ್ಲ ತಾನೇ ಕಟ್ಟಿದ್ದಿರಬಹುದು ಎಂದು ಅವಳಿಗೆ ಒಳಗೊಳಗೇ ಆಸೆ ಹುಟ್ಟಿತು. ತಾನು ಕೊಟ್ಟ ಕಾರಣ ತಪ್ಪಾಗಲಿ ಎಂದು ಅವಳು ಬೇಡಿಕೊಂಡದ್ದು ಜೀವಮಾನದಲ್ಲಿ ಅದೊಂದೇ ಸಲ. ಏಳನೆಯ ಓಟದಲ್ಲಿ ಗೆರೆ ಬಾಗತೊಡಗಿತು. ಎಂಟರಲ್ಲಿ ಗಾಡಿಯ ಹಿಂಭಾಗ ತಿರುವಿನಲ್ಲಿ ಒಮ್ಮೆ ಅದುರಿತು.

"ನೋಡಿದ್ರಾ?" ಎಂದ ಓಬಳೇಶ ವೈರ್‌ಲೆಸ್ಸಿನಲ್ಲಿ. ದನಿ ತಗ್ಗಿತ್ತು.

"ನೋಡಿದೆ."

"ನಿಲ್ಲಿಸ್ಲಾ?"

"ಬೇಡ. ಆಗಲಿ."

ಒಂಬತ್ತನ್ನು ಗಾಡಿ ಹೇಗೋ ಮುಗಿಸಿತು. ಹತ್ತನೆಯ ಓಟದ ದೊಡ್ಡ ತಿರುವಿನಲ್ಲಿ, ಯಾವ ಕಿರುಚಾಟವೂ ಇಲ್ಲದೆ, ಎಣ್ಣೆಯ ಮೇಲೆ ಕಾಲಿಟ್ಟವರ ಹಾಗೆ ಅದು ಸರಕ್ಕನೆ ತಿರುಗಿತು. ಬೇಲಿಯನ್ನು ಕಿತ್ತುಕೊಂಡು ಹುಲ್ಲಿಗೆ ನುಗ್ಗಿ, ಎರಡು ಸುತ್ತು ತಿರುಗಿ, ಧೂಳಿನಲ್ಲಿ ನಿಂತಿತು. ಜಿಂಕೆಗಳು ಚದುರಿ ಓಡಿದವು. ಒಳಗೆ ಯಾರೂ ಇರಲಿಲ್ಲ. ಆದರೂ ದಾಕ್ಷಾಯಿಣಿ ಎದ್ದು ನಿಂತಿದ್ದಳು, ಕೈ ಗಾಜಿಗೆ ಒತ್ತಿಕೊಂಡಿತ್ತು. ಅವಳ ಕಣ್ಣಿಗೆ ಒಳಗೆ ಫಿಲೋಮಿನಾ ಇದ್ದಳು. ಸ್ಟ್ರೆಚರಿನ ಮೇಲೆ ಯಾರದೋ ತಾಯಿ ಇದ್ದಳು.

ಟಯರುಗಳನ್ನು ಆಮೇಲೆ ಕ್ಯಾಮೆರಾದಲ್ಲಿ ನೋಡಿದರೆ, ಅಂಗಡಿಯಿಂದ ಈಗಷ್ಟೇ ತಂದವೆನ್ನಬೇಕು, ಹಾಗಿದ್ದವು.

ಅವಳು ಬೆಂಗಳೂರಿಗೆ ಕರೆಮಾಡಿದಳು. "ಒಂಬತ್ತು," ಎಂದಳು. "ಇವತ್ತೇ ಎಲ್ಲ ಗಡಿಯಾರಕ್ಕೂ ಕಳಿಸಿ. ಹೊಸ ಟಯರನ್ನು ಮೂರು ಸುತ್ತು ಚೆನ್ನಾಗಿ ಕಾಯಿಸಿ, ಒಂದು ದಿನ ಮುಟ್ಟದೆ ಬಿಟ್ಟರೆ ಮೂವತ್ತು. ಹಾಗೆ ಮಾಡದ್ದಕ್ಕೆ ಒಂಬತ್ತೇ. ನಾವು ಅಳೆದ ಟಯರೆಲ್ಲ ಟೆಸ್ಟಿಗೆ ಮೊದಲೇ ಹಾಗೆ ಓಡಿದ್ದವು."

ಪ್ರದ್ಯುಮ್ನ ಸಂಖ್ಯೆಯನ್ನು ಬರೆದುಕೊಂಡ. "ಇದನ್ನ ಹೀಗೇ ಕಳಿಸಿದ್ರೆ ಏನಾಗುತ್ತೆ ಗೊತ್ತಲ್ಲ ಮೇಡಂ? ಇಷ್ಟು ವರ್ಷ ನೀವು ಕೊಟ್ಟ ಎಲ್ಲಾ ಸಂಖ್ಯೇನೂ ಮತ್ತೆ ನೋಡಬೇಕು ಅಂತಾರೆ."

"ನೋಡಬೇಕಾದ್ದೇ."

"ಟೆಸ್ಟಿಗೆ ಮೊದಲು ಗಾಡಿ ಓಡಿಸಿದ್ದು ಯಾರು?"

"ಕೇಂದ್ರ ನನ್ನದು. ಪರೀಕ್ಷೆಗೆ ಮುಂಚೆ ಟಯರ್‌ಗೆ ಏನಾಗಿತ್ತು ಅಂತ ಕೇಳಬೇಕಾದವಳು ನಾನು. ಕೇಳಲಿಲ್ಲ. ಹಾಗಂತಲೇ ಬರೀರಿ."

"ಮೇಡಂ..."

"ಆ ನರ್ಸಿಗೆ ಹೇಗಿದೆ?"

"ಕೈ ಕಟ್ಟಿದಾರೆ. ವಾಸಿಯಾಗುತ್ತಂತೆ." ಅವನು ಎದ್ದು ನಿಂತ. ಹೇಳುವುದು ಒಳ್ಳೆಯ ಸುದ್ದಿಯಲ್ಲದಿದ್ದರೂ ಎದ್ದು ನಿಂತ. "ಸಂಖ್ಯೆ ಈಗಲೇ ಕಳಿಸ್ತೀನಿ."

ಮುಂದಿನದು ಅವಳು ಎಣಿಸಿದ್ದಕ್ಕಿಂತ ಬೇಗ ಆಯಿತು, ಎಣಿಸದ ರೀತಿಯಲ್ಲೂ ಆಯಿತು. ಅಳೆಯುವ ಕೆಲಸವೆಲ್ಲ ಬೆಂಗಳೂರಿನ ಕಂಪ್ಯೂಟರಿಗೆ ಹೋಯಿತು. ದಾಕ್ಷಾಯಿಣಿಗೆ ನಿವೃತ್ತಿಯ ಆದೇಶ ಬಂತು, ಕ್ವಾರ್ಟರ್ಸ್ ಬಿಡಲು ದಿನ ಗೊತ್ತಾಯಿತು. ಆದರೆ ಜೀವಪಥದ ಪ್ರತಿಯೊಂದು ಹೊಸ ಟಯರನ್ನೂ ಮೂರು ಸುತ್ತು ಕಾಯಿಸಿ ಒಂದು ದಿನ ಆರಿಸಬೇಕಾಗಿ ಬಂತಲ್ಲ, ಅದಕ್ಕೊಂದು ಟ್ರ್ಯಾಕು ಬೇಕಾಯಿತು. ಟಯರನ್ನು ಸಮವಾಗಿ ಕಾಯಿಸಲು ಗಾಡಿ ಓಡಿಸುವುದರಲ್ಲಿ ಪಳಗಿದ ಕೈಯೇ ಆಗಬೇಕೆಂದು ಅವಳು ತನ್ನ ಕೊನೆಯ ವರದಿಯಲ್ಲಿ ಒಂದು ಸಾಲು ಸೇರಿಸಿದ್ದಳು. ಅದನ್ನು ಪ್ರದ್ಯುಮ್ನ ಉಳಿಸಿಕೊಂಡ. ಓಬಳೇಶನಿಗೆ ಸರ್ಕಾರಿ ಮೊಹರಿನ ಕಾಗದ ಬಂತು: ವಾಹನ ಚಾಲಕ. ಲಾರಿಗಟ್ಟಲೆ ಟಯರು ಬಂದು ಇಳಿಯತೊಡಗಿದವು. ಅವನು ದಿನವಿಡೀ ಮಾರಮ್ಮನಿಗೆ ಸುತ್ತು ಬರತೊಡಗಿದ.

ಗೋಪುರದಲ್ಲಿ ವೈರ್‌ಲೆಸ್ಸನ್ನು ಬಿಚ್ಚಿಕೊಂಡು ಹೋಗಿದ್ದರು. ಅವಳು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತ ಕಿಟಕಿಯಿಂದ ನೋಡುತ್ತಿದ್ದಳು. ಗಾಡಿ ದೊಡ್ಡ ತಿರುವಿನಲ್ಲಿ ಯಂತ್ರ ಓಡಿಸುವುದಕ್ಕಿಂತ ನಯವಾಗಿ ಹೊರಳುತ್ತಿತ್ತು. ಎಷ್ಟು ಖುಷಿಯಾಗಿ ಓಡಿಸುತ್ತಿದ್ದಾನೆಂದು ಪರದೆಯ ಗೆರೆಯಿಲ್ಲದೆಯೂ ಗೊತ್ತಾಗುತ್ತಿತ್ತು. ಅವನು ಒಮ್ಮೆ ಗೋಪುರದ ಕೆಳಗೆ ಬಂದು ನಿಂತು, ಟೋಪಿ ತೆಗೆದು, ಮತ್ತೆ ಹಾಕಿಕೊಂಡು, "ಗಾಳಿ ಇವತ್ತು ಕಮ್ಮಿ ಐತೆ" ಎಂದು ಹೇಳಿ ಹೋಗಿದ್ದ. ಪಾಲಮ್ಮ ಮಾತ್ರ ಆ ಭಾನುವಾರದಿಂದ ಈಚೆಗೆ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಹೊರಡುವ ದಿನ ಗೇಟಿನ ಬಳಿ ದಾಕ್ಷಾಯಿಣಿ ಒಬ್ಬಳೇ ನಿಂತಿದ್ದಳು. ಮೈಸೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು. ಪೆಟ್ಟಿಗೆಗಳು ಮುಂಚೆಯೇ ಹೋಗಿದ್ದವು. ಚಾಲಕನಿಲ್ಲದ ಬಸ್ಸು ಬಂದು ನಿಂತು, "ದಾಕ್ಷಾಯಿಣಿ ಅವರಿಗೆ ಸ್ವಾಗತ" ಎಂದು ತನ್ನಷ್ಟಕ್ಕೆ ಹೇಳಿತು. ಒಳಗೆ ಬೇರೆ ಯಾರೂ ಇರಲಿಲ್ಲ. ಅವಳು ಕಿಟಕಿಯ ಪಕ್ಕ ಕೂತಳು. ದೂರದಲ್ಲಿ ಗಾಡಿಯ ಧೂಳು ಸುತ್ತುತ್ತಿತ್ತು.

ಬಸ್ಸಿನ ಬಾಗಿಲು ಮುಚ್ಚತೊಡಗಿತು, ಮತ್ತೆ ತೆರೆದುಕೊಂಡಿತು. ಯಾರೋ ಅಡ್ಡ ಕಾಲಿಟ್ಟಿದ್ದರು. ಏದುಸಿರು ಬಿಡುತ್ತ, ಹಟ್ಟಿಯಿಂದ ಬಿಸಿಲಿನಲ್ಲೇ ನಡೆದು ಬಂದ ಪಾಲಮ್ಮ ಮೆಟ್ಟಿಲು ಹತ್ತಿ ಒಳಗೆ ಬಂದಳು. ಸೀಟಿನ ಪಕ್ಕ ನಿಂತು ಒಂದು ಗಳಿಗೆ ದಾಕ್ಷಾಯಿಣಿಯ ಮುಖವನ್ನು ನೋಡಿದಳು.

ಸೆರಗಿನ ಮರೆಯಲ್ಲಿ ಹಿಡಿದಿದ್ದ ಗಂಟನ್ನು ಹೊರತೆಗೆದಳು. ಒಗೆದು ಮಡಿಸಿದ ಹಳೆಯ ಟವೆಲ್ಲಿನಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ತುಂಬಿದ ಸ್ಟೀಲ್ ಡಬ್ಬಿ, ಎಲೆಯಲ್ಲಿ ಸುತ್ತಿದ ಶೇಂಗಾ ಚಟ್ನಿ. ಎರಡು ಹೊತ್ತಿಗಾಗುವಷ್ಟಿತ್ತು. ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ಮತ್ತೊಮ್ಮೆ ಒತ್ತಿ ನೋಡಿ, ಎರಡೂ ಕೈಯಿಂದ ದಾಕ್ಷಾಯಿಣಿಯ ಮಡಿಲಲ್ಲಿಟ್ಟಳು.